60 ಲಕ್ಷಕ್ಕೆ ಎಷ್ಟು ಸೊನ್ನೆ, ಮಾಷ್ಟ್ರೇ?

ಓದುಗರ ಪ್ರಶ್ನೆ, ಮಾಷ್ಟ್ರ ಉತ್ತರ

ಯಹೂದಿಗಳ ಚರಿತ್ರೆಯನ್ನು ಒಬ್ಬೊಬ್ಬರ ಬದುಕಿನ ಕತೆ ಹಿಡಿದು ಪಾಠ ಮಾಡಬೇಕು, ಅದಕ್ಕೆ ಮೊದಲು ಟೀಚರುಗಳಿಗೆ ತರಬೇತಿ ಬೇಕು ಅಂತ ಕಳೆದ ಸಂಚಿಕೆಯಲ್ಲಿ ಒಂದು ಪ್ಯಾರಾ ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಹೆಚ್ಚಿನವು ನಮ್ಮ ಕಾಸರಗೋಡಿನ ಕನ್ನಡ ಮೀಡಿಯಂ ಟೀಚರುಗಳದ್ದು. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ.

ಪ್ರಶ್ನೆ: ಮೇ ತಿಂಗಳ ರಜೆಯ ತರಬೇತಿಯಲ್ಲಿ ಸಮಾಜ ವಿಜ್ಞಾನ ಟೀಚರುಗಳಿಗೆ ಅರ್ಧ ದಿನ ಈ ವಿಷಯ ನಾನು ತೆಗೆದುಕೊಳ್ಳಬೇಕಾಗಿದೆ. 30 ಜನ ಇರುತ್ತಾರೆ. ಹಿಟ್ಲರನಿಂದ ಶುರು ಮಾಡುವುದಾ, ಇಸ್ರೇಲಿನಿಂದ ಶುರು ಮಾಡುವುದಾ?
(ಒಬ್ಬರು ಟೀಚರ್, ಮುಳ್ಳೇರಿಯ)

ಎರಡೂ ಬೇಡ ಟೀಚರೇ. ಬಂದವರ ಮನೆಯಿಂದಲೇ ಶುರು ಮಾಡಿ.

ಮೊದಲು ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿಗೆ ಸೇರಿ ಮೂರೋ ನಾಲ್ಕೋ ವರ್ಷ ಆಗಿತ್ತು. ಎರಡನೇ ಮಹಾಯುದ್ಧದ ಪಾಠ, ಹಿಟ್ಲರನ ನಾಜಿಗಳು ಯುರೋಪಿನ ಯಹೂದಿಗಳನ್ನು ಕೊಂದ ಭಾಗ. ಬೋರ್ಡಿನಲ್ಲಿ ದೊಡ್ಡದಾಗಿ ಬರೆದೆ: ಕೊಲೆಯಾದ ಯಹೂದಿಗಳು, 60 ಲಕ್ಷ. ಮಕ್ಕಳು ತಲೆ ತಗ್ಗಿಸಿ ಬರೆದುಕೊಂಡರು. ಹಿಂದಿನ ಬೆಂಚಿನ ಹುಡುಗ ಒಬ್ಬ ಕೈ ಎತ್ತಿದ. "60 ಲಕ್ಷಕ್ಕೆ ಎಷ್ಟು ಸೊನ್ನೆ, ಮಾಷ್ಟ್ರೇ?" ಅವನದು ಏನೂ ತಪ್ಪಿಲ್ಲ. ನಾನು ಕೊಟ್ಟದ್ದೇ ಸೊನ್ನೆ ಎಣಿಸುವಂಥ ಪಾಠ. ಬೆಲ್ ಹೊಡೆಯುವಾಗ ಆ ಮಕ್ಕಳಿಗೆ ಕೊಂದವನ ಹೆಸರು ಬಾಯಿಪಾಠ ಆಗಿತ್ತು, ಸತ್ತವರಲ್ಲಿ ಒಬ್ಬರ ಹೆಸರೂ ಗೊತ್ತಿರಲಿಲ್ಲ. ಇವತ್ತಿಗೂ ಅದು ನನಗೆ ಚುಚ್ಚುತ್ತದೆ.

ಹಾಗಾಗಿ ತರಬೇತಿಗೆ ಬರುವವರಿಗೆ ಒಂದು ವಾರ ಮೊದಲೇ ಹೇಳಿ, ಮನೆಯಿಂದ ಹಳೆಯ ಫೋಟೋ ಒಂದು ತನ್ನಿ, ಇಲ್ಲದಿದ್ದರೆ ಏನಾದರೂ ಹಳೆಯ ಸಾಮಾನು. ನಾನು ನಡೆಸಿದ ಒಂದು ತರಬೇತಿಗೆ ಒಬ್ಬರು ಅಜ್ಜಿಯ ಕಂಚಿನ ಗಿಂಡಿ ತಂದಿದ್ದರು. ಹುಣಸೆಹುಳಿ ಹಾಕಿ ತಿಕ್ಕಿದ್ದು, ಫಳಫಳ ಹೊಳೆಯುತ್ತಿತ್ತು. ಕುತ್ತಿಗೆಯ ಕೆಳಗೆ ಚುಕ್ಕಿ ಚುಕ್ಕಿ ಕುಟ್ಟಿ ಒಂದು ಹೆಸರು ಬರೆದಿತ್ತು, ಕೊನೆಯ ಅಕ್ಷರ ಸವೆದುಹೋಗಿತ್ತು. ಅದು ಅಜ್ಜಿಯ ಹೆಸರಲ್ಲ. ಅಜ್ಜಿಗೆ ಒಬ್ಬಳು ಅಕ್ಕ ಇದ್ದಳಂತೆ, ಸಣ್ಣ ಪ್ರಾಯದಲ್ಲೇ ತೀರಿಕೊಂಡಳಂತೆ, ಅವಳದ್ದೇ ಇರಬಹುದು ಅಂತ ಹೇಳಿ ಟೀಚರ್ ಗಿಂಡಿಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಂತರು. ಫ್ಯಾನಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿಲ್ಲ. ಆ ಅಕ್ಕನ ಬಗ್ಗೆ ಆ ಮನೆಯಲ್ಲಿ ಉಳಿದದ್ದು ಆ ಮೂರು ಅಕ್ಷರ ಮಾತ್ರ. ಆಮೇಲೆ ನಾನು ಯುರೋಪಿನ ಒಂದು ಯಹೂದಿ ಕುಟುಂಬದ ಫೋಟೋ ತೋರಿಸಿದೆ. ಯಾರೂ ಅದನ್ನು "ಹೊರದೇಶದವರು" ಅಂತ ನೋಡಲಿಲ್ಲ. ಇದು ಯಾರು, ಪಕ್ಕದಲ್ಲಿರುವುದು ತಂಗಿಯಾ, ಯಾರ ಮದುವೆ ಅಂತ ಕೇಳಲು ಶುರು ಮಾಡಿದರು.

ವಿಯೆನ್ನಾದಲ್ಲಿ ಸೆಂಟ್ರೋಪಾ ಅಂತ ಒಂದು ಸಂಸ್ಥೆ ಇದೆ, 2000ನೇ ಇಸವಿಯಲ್ಲಿ ಶುರುವಾದದ್ದು. ಮಧ್ಯ ಮತ್ತು ಪೂರ್ವ ಯುರೋಪಿನಲ್ಲಿ ಉಳಿದಿದ್ದ 1,200ಕ್ಕೂ ಹೆಚ್ಚು ಯಹೂದಿ ಹಿರಿಯರ ಮನೆಗೆ ಹೋಗಿ, ಅವರ ಆಲ್ಬಮ್ ಬಿಡಿಸಿ, ಒಂದೊಂದು ಫೋಟೋದ ಕತೆ ಕೇಳಿ ಬರೆದುಕೊಂಡರು. ಯುದ್ಧದಲ್ಲಿ ಏನಾಯಿತು ಅಂತ ಮಾತ್ರ ಕೇಳಲಿಲ್ಲ. ನಿಮ್ಮಪ್ಪ ಏನು ಕೆಲಸ ಮಾಡುತ್ತಿದ್ದರು, ಹಬ್ಬಕ್ಕೆ ಏನು ಅಡುಗೆ, ಶಾಲೆಯಲ್ಲಿ ಯಾರ ಪಕ್ಕ ಕೂತಿದ್ದಿರಿ, ಹೀಗೆ. ಅದನ್ನೇ ಇಟ್ಟುಕೊಂಡು ಟೀಚರುಗಳಿಗೆ ತರಬೇತಿಯನ್ನೂ ಕೊಡುತ್ತಾರೆ. ನಮಗೆ ಬೇಕಾದದ್ದು ಈ ಕ್ರಮ. ಸಾಯುವ ಮೊದಲು ಈ ಮನುಷ್ಯ ಹೇಗೆ ಬದುಕಿದ್ದ ಅನ್ನುವುದು ಮಕ್ಕಳಿಗೆ ಮೊದಲು ಗೊತ್ತಾಗಬೇಕು. 60 ಲಕ್ಷ ಅನ್ನುವ ಲೆಕ್ಕವನ್ನು ಬಿಡಬೇಡಿ, ಆದರೆ ಕೊನೆಗೆ ಹೇಳಿ, ಒಬ್ಬರನ್ನು ಚೆನ್ನಾಗಿ ಪರಿಚಯ ಮಾಡಿಕೊಂಡ ಮೇಲೆ. ಅರ್ಧ ದಿನದಲ್ಲಿ ಮನೆಯ ಸಾಮಾನಿಗೆ ಒಂದು ಗಂಟೆ ಕೊಡಿ, ಒಬ್ಬರ ಬದುಕಿಗೆ ಒಂದೂವರೆ ಗಂಟೆ. ಮೂರು ಜನರ ಕತೆ ತುರುಕಲು ಹೋಗಬೇಡಿ, ಒಬ್ಬರೇ ಸಾಕು.

ಪ್ರಶ್ನೆ: ನಮ್ಮ ಮಕ್ಕಳು ಯಹೂದಿಯೊಬ್ಬರನ್ನು ಕಣ್ಣಲ್ಲಿ ನೋಡಿದ್ದೇ ಇಲ್ಲ. ನಮ್ಮ ಊರಿಗೂ ಅವರಿಗೂ ಏನು ಸಂಬಂಧ ಅಂತ ಕೇಳಿದರೆ ಏನು ಹೇಳುವುದು?
(ಯು.ಪಿ. ಶಾಲೆ ಅಧ್ಯಾಪಕರು, ಉಪ್ಪಳ)

ಉಪ್ಪಳದಿಂದ ಮಂಗಳೂರಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಬೇಕು? ಅಷ್ಟೇ ದೂರ.

12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಇದ್ದ. ಊರು ಟ್ಯುನೀಷಿಯಾದ ಮಹ್ದಿಯಾ. 1132ರ ಹೊತ್ತಿನಿಂದ 1149ರ ತನಕ, ಹೆಚ್ಚುಕಡಿಮೆ 17 ವರ್ಷ ಅವನ ಸಂಸಾರ ಇಲ್ಲೇ. ಇಲ್ಲಿಂದ ಯೆಮೆನಿನ ಏಡನ್ ಬಂದರಿನ ಸ್ನೇಹಿತರಿಗೆ ಅಡಿಕೆ, ಕಾಳುಮೆಣಸು, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ. ಹೌದು, ಅಡಿಕೆ! ಅಡಿಕೆ ರೇಟು ನೋಡದೆ ದಿನ ಶುರುವಾಗದ ನಮ್ಮ ಮನೆಗಳ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಸಂಬಂಧ ಬೇಕಾ? ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಚಾಪೆ, ಮತ್ತೆ ಕಾಗದ ಬರುತ್ತಿತ್ತು. ಇಲ್ಲಿ ನಾವೆಲ್ಲ ಓಲೆಗರಿಯಲ್ಲಿ ಬರೆಯುತ್ತಿದ್ದ ಕಾಲ. ಅವನಿಗೆ ಕಾಗದ ಎಷ್ಟು ಅಮೂಲ್ಯ ಅಂದರೆ ಬಂದ ಪತ್ರದ ಖಾಲಿ ಜಾಗದಲ್ಲೇ ತನ್ನ ಲೆಕ್ಕ ಬರೆದಿಡುತ್ತಿದ್ದ.

ಅವನಿಗೆ ಒಂದು ಕಂಚಿನ ಕಾರ್ಖಾನೆಯೂ ಇತ್ತು. ಏಡನ್ನಿನವರು ಒಡೆದ ಹಳೆಯ ಪಾತ್ರೆಗಳನ್ನು ಹಡಗಿನಲ್ಲಿ ಕಳಿಸಿ, ಇದನ್ನು ಕರಗಿಸಿ ಇಂಥಾ ತೂಕದ ಇಂಥಾ ಪಾತ್ರೆ ಮಾಡಿಸಿ ಕಳಿಸು ಅಂತ ಬರೆಯುತ್ತಿದ್ದರು. ನಮ್ಮ ಅಜ್ಜಿಯರು ಒಡಕು ಕಂಚು ಕೊಟ್ಟು ಹೊಸತು ಎರಕ ಹೊಯ್ಯಿಸುತ್ತಿದ್ದರಲ್ವಾ, ಅದೇ ವ್ಯವಹಾರ, ನಡುವೆ ಒಂದು ಸಮುದ್ರ ಅಷ್ಟೇ. ಮುಳ್ಳೇರಿಯದ ಟೀಚರೇ, ನಿಮ್ಮ ತರಬೇತಿಗೆ ಯಾರಾದರೂ ಕಂಚಿನ ಪಾತ್ರೆ ತಂದರೆ ಅಲ್ಲಿಂದ ನೇರ ಇಲ್ಲಿಗೆ ಬನ್ನಿ.

ಆಶು ಎಂಬ ದಾಸಿಯನ್ನು ಅವನು ಬಿಡುಗಡೆ ಮಾಡಿದ. ಆ ಬಿಡುಗಡೆಯ ಪತ್ರದಲ್ಲಿ ತಾರೀಕು, ಊರು ಎರಡೂ ಇವೆ: 1132ರ ಅಕ್ಟೋಬರ್ 17, ಮಂಗಳೂರು. ಅವಳನ್ನೇ ಮದುವೆಯಾದ ಅಂತ ವಿದ್ವಾಂಸರು ಹೇಳುತ್ತಾರೆ. ಅವನ ವ್ಯಾಪಾರ ನೋಡಿಕೊಂಡು ಏಡನ್ನಿಗೆ ಹೋಗಿಬರುತ್ತಿದ್ದವನೊಬ್ಬ ಇದ್ದ, ಹೆಸರನ್ನು ಬೊಮ್ಮ ಅಂತ ಓದಿದ್ದಾರೆ. ನಮ್ಮದೇ ಹೆಸರು. ಅವನೂ ದಾಸನೇ, ಆದರೂ ಏಡನ್ನಿನ ವ್ಯಾಪಾರಿಗಳು ಪತ್ರದಲ್ಲಿ ಅವನಿಗೂ ನಮಸ್ಕಾರ ತಿಳಿಸಿದ್ದಾರೆ. ಮಕ್ಕಳಿಗೆ ಇವನನ್ನು ಮರೆಯದೆ ಪರಿಚಯ ಮಾಡಿಸಿ.

ಇಷ್ಟೆಲ್ಲ ನಮಗೆ ಗೊತ್ತಾದದ್ದು ಹೇಗೆ? ದೇವರ ಹೆಸರು ಇರಬಹುದಾದ ಕಾಗದವನ್ನು ಯಹೂದಿಗಳು ಬಿಸಾಡುವುದಿಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ನಾವು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವಲ್ಲ, ಆ ಭಾವನೆಯೇ. ಈಜಿಪ್ಟಿನ ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗಿನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಅಂಥ ಕಾಗದ ಹಾಕಿಡಲು ಒಂದು ಕೋಣೆ ಇತ್ತು, ಅದಕ್ಕೆ ಗೆನಿಜಾ ಅನ್ನುತ್ತಾರೆ. ನೂರಾರು ವರ್ಷದ ಕಾಗದ ಅಲ್ಲಿ ರಾಶಿ ಬಿದ್ದಿತ್ತು. 1896–97ರಲ್ಲಿ ಸೊಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಅದರಲ್ಲಿ ಹೆಚ್ಚಿನ ಪಾಲನ್ನು ಕೇಂಬ್ರಿಡ್ಜಿಗೆ ಸಾಗಿಸಿದರು. ಅವುಗಳಲ್ಲಿ ಭಾರತದ ವ್ಯಾಪಾರದ ಪತ್ರಗಳನ್ನು ಹುಡುಕಿ ಜೋಡಿಸಲು ಎಸ್.ಡಿ. ಗೊಯಿಟೈನ್ ಎಂಬವರು ವರ್ಷಗಟ್ಟಲೆ ಕೂತರು. ಪತ್ರಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಇದನ್ನು ನಮ್ಮ ಮಕ್ಕಳಿಗೆ ಅರ್ಥ ಮಾಡಿಸಲು ಕಷ್ಟವೇ ಇಲ್ಲ. ಮದ್ರಸಕ್ಕೆ ಹೋಗುವ ಮಕ್ಕಳಲ್ಲಿ ಅರಬಿ ಲಿಪಿಯಲ್ಲಿ ಮಲಯಾಳ ಓದಿದವರು ಇದ್ದಾರೆ, ಉಳಿದವರು ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ.

ಕರೆದುಕೊಂಡು ಹೋಗಲು ಒಂದು ಜಾಗ ಬೇಕಿದ್ದರೆ ಕಣ್ಣೂರು ಜಿಲ್ಲೆಯ ಮಾಡಾಯಿಪಾರೆಗೆ ಹೋಗಿ, ಪಳಯಂಗಾಡಿ ಸ್ಟೇಶನ್ನಿನಲ್ಲಿ ಇಳಿದರಾಯಿತು. ಅಲ್ಲಿ ಮುರಕಲ್ಲಿನ ಬಯಲಿನಲ್ಲಿ ಒಂದು ಕೆರೆ ಇದೆ, ಊರವರು ಇವತ್ತಿಗೂ ಜೂತಕ್ಕುಳಂ ಅನ್ನುತ್ತಾರೆ. ಯಹೂದಿಗಳ ಕೆರೆ ಅಂತ ಅರ್ಥ.

ಪ್ರಶ್ನೆ: ಯಹೂದಿ, ಯೆಹೂದ್ಯ, ಜೂದ. ಯಾವುದು ಸರಿ?
(ಅಧ್ಯಾಪಕಿ, ಪೆರ್ಲ)

ಮೂರೂ ಬಳಕೆಯಲ್ಲಿವೆ. ಬೈಬಲಿನ ಕನ್ನಡದಲ್ಲಿ ಯೆಹೂದ್ಯ, ನಮ್ಮ ಕಡೆ ಮಲಯಾಳದ ಗಾಳಿಯಿಂದ ಜೂದ. ನಾನು ಯಹೂದಿ ಅಂತ ಬರೆಯುತ್ತೇನೆ. ನೋಡಿಕೊಳ್ಳಬೇಕಾದದ್ದು ಬೇರೆ ಇದೆ. ಜಿಪುಣರನ್ನೋ ಬಡ್ಡಿ ವ್ಯಾಪಾರದವರನ್ನೋ ಬಯ್ಯಲು ಈ ಪದ ಬಳಸುವವರಿದ್ದಾರೆ. ಕ್ಲಾಸಿನಲ್ಲಿ ಅದು ಕೇಳಿದರೆ ಆಗಲೇ ನಿಲ್ಲಿಸಿ.

ಪ್ರಶ್ನೆ: ನನ್ನ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮುಸ್ಲಿಂ ಮಕ್ಕಳು. ಮೊಬೈಲಿನಲ್ಲಿ ಗಾಜಾದ ವಿಡಿಯೋ ನೋಡಿಕೊಂಡೇ ಬರುತ್ತಾರೆ. ಯಹೂದಿ ಅಂತ ಬಾಯಿ ತೆರೆದರೆ ಗಲಾಟೆಯಾದೀತು ಅಂತ ಹೆದರಿಕೆ. ಈ ಪಾಠ ಬಿಟ್ಟುಬಿಡಲಾ?
(ಹೈಸ್ಕೂಲ್ ಟೀಚರ್, ಕುಂಬಳೆ)

ಬಿಡಬೇಡಿ. ಹೆದರಿಕೆ ಆಗುವುದು ಸಹಜ, ನನಗೂ ಆಗಿದೆ. ಆದರೆ ನೀವು ಬಾಯಿ ಮುಚ್ಚಿದರೆ ಮೊಬೈಲು ಒಂದೇ ಮಾತಾಡುತ್ತಿರುತ್ತದೆ.

ಪಾಠದ ಮೊದಲೇ ಒಂದು ಮಾತು ನೇರವಾಗಿ ಹೇಳಿ. ಎಲ್ಲೋ ಒಂದು ಸರ್ಕಾರ ಮಾಡಿದ್ದಕ್ಕೆ, ಎಲ್ಲೋ ಒಂದು ಗುಂಪು ಮಾಡಿದ್ದಕ್ಕೆ, ಆ ಮತದಲ್ಲಿ ಹುಟ್ಟಿದ ಪ್ರತಿಯೊಬ್ಬರೂ ಉತ್ತರ ಕೊಡಬೇಕಾಗಿಲ್ಲ. ಯಹೂದಿಯೂ ಕೊಡಬೇಕಾಗಿಲ್ಲ, ಮುಸಲ್ಮಾನನೂ ಕೊಡಬೇಕಾಗಿಲ್ಲ. ಇದನ್ನು ನಮ್ಮ ಮುಸ್ಲಿಂ ಮಕ್ಕಳು ಬೇರೆಯವರಿಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ, ಅವರಿಗೆ ಆ ಅನುಭವ ಇದೆ. ಗಾಜಾದಲ್ಲಿ ಸತ್ತ ಮಕ್ಕಳ ಬಗ್ಗೆ ಯಾರಿಗಾದರೂ ದುಃಖ ಇದ್ದರೆ ಅದನ್ನು ಅಡಗಿಸಿಡಲು ಹೇಳಬೇಡಿ. 2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಕೊಲೆಯಾದವರ, ಒತ್ತೆಯಾಳುಗಳಾಗಿ ಹೋದವರ ದುಃಖವೂ ದುಃಖವೇ, ಅದನ್ನೂ ಹೇಳಿ. ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆಸಿ ತೆಗೆದುಕೊಳ್ಳಿ, ಅದಕ್ಕೆ ಬೇರೆ ಒಂದು ಪಿರಿಯಡ್ ಕೊಡುತ್ತೇನೆ ಅನ್ನಿ, ಮತ್ತೆ ಖಂಡಿತ ಕೊಡಿ. ಕೊಡದಿದ್ದರೆ ಮಕ್ಕಳು ಇನ್ನೊಮ್ಮೆ ನಂಬುವುದಿಲ್ಲ.

ನಿಮ್ಮ ಕ್ಲಾಸಿಗೆ ನಾನಾದರೆ ಡಾಕ್ಟರ್ ಮೊಹಮ್ಮದ್ ಹೆಲ್ಮಿಯ ಕತೆ ತೆಗೆದುಕೊಳ್ಳುತ್ತಿದ್ದೆ. ಈಜಿಪ್ಟಿನ ಕುಟುಂಬದವರು. 1922ರಲ್ಲಿ ಡಾಕ್ಟರಿಕೆ ಕಲಿಯಲು ಬರ್ಲಿನ್ನಿಗೆ ಹೋದರು. ನಾಜಿಗಳ ಕಾಲದಲ್ಲಿ ಅವರಿಗೂ ಕಿರುಕುಳ, ಕೆಲಸ ಹೋಯಿತು, ಜೈಲಿಗೂ ಹಾಕಿದರು. ಹಾಗಿದ್ದೂ ಆನಾ ಬೊರೊಸ್ ಎಂಬ ಯಹೂದಿ ಹುಡುಗಿಯನ್ನು ಯುದ್ಧ ಮುಗಿಯುವ ತನಕ ಬಚ್ಚಿಟ್ಟು ಕಾಪಾಡಿದರು, ಅವಳ ಮನೆಯವರಿಗೂ ಸಹಾಯ ಮಾಡಿದರು. ಯಹೂದಿಗಳನ್ನು ಉಳಿಸಿದ ಬೇರೆ ಮತದವರಿಗೆ ಜೆರುಸಲೇಮಿನ ಯಾದ್ ವಾಶೆಮ್ ಎಂಬ ಸ್ಮಾರಕ ಸಂಸ್ಥೆ ಕೊಡುವ ಗೌರವ 2013ರಲ್ಲಿ ಅವರಿಗೆ ಸಂದಿತು. ಅದನ್ನು ಪಡೆದ ಮೊದಲ ಅರಬ್ ಅವರು.

ಅಷ್ಟು ದೂರ ಬೇಡ ಅನ್ನಿಸಿದರೆ ನಮ್ಮ ರಾಜ್ಯದ್ದೇ ಇದೆ. ಕೊಚ್ಚಿ ಮಟ್ಟಾಂಚೇರಿಯ ಜ್ಯೂ ಸ್ಟ್ರೀಟಿನಲ್ಲಿ ಸಾರಾ ಕೋಹೆನ್ ಅಂತ ಒಬ್ಬರು ಅಜ್ಜಿ ಇದ್ದರು. ಕಸೂತಿ ಅಂಗಡಿ ಅವರದ್ದು. ಅಲ್ಲಿಯ ಹೆಚ್ಚಿನ ಯಹೂದಿಗಳೆಲ್ಲ 1950ರ ದಶಕದಿಂದ ಈಚೆಗೆ ಇಸ್ರೇಲಿಗೆ ಹೋದರು, ಇವರು ಹೋಗಲಿಲ್ಲ. 2019ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಪ್ರಾಯವಾದ ಮೇಲೆ ಅವರನ್ನೂ ಅಂಗಡಿಯನ್ನೂ ನೋಡಿಕೊಂಡದ್ದು ಒಂದು ಮುಸ್ಲಿಂ ಕುಟುಂಬ. ಅದೇ ಬೀದಿಯ ತುದಿಯಲ್ಲಿ 1568ರ ಸಿನಗಾಗ್ ಇದೆ. ಸುಮಾರು 1000ನೇ ಇಸವಿಯಲ್ಲಿ ಚೇರ ರಾಜ ಭಾಸ್ಕರ ರವಿವರ್ಮ ಜೋಸೆಫ್ ರಬ್ಬಾನ್ ಎಂಬವನಿಗೆ ತಾಮ್ರಶಾಸನ ಬರೆಸಿ 72 ಹಕ್ಕು ಕೊಟ್ಟ. ಪಲ್ಲಕಿ, ಛತ್ರಿ, ಹಗಲು ದೀವಟಿಗೆ ಎಲ್ಲ ಅದರಲ್ಲಿ ಇವೆ. ಜಾತ್ರೆ ನೋಡಿದ ಮಕ್ಕಳಿಗೆ ಹಗಲು ದೀವಟಿಗೆ ಅಂದರೆ ಎಂಥಾ ಮರ್ಯಾದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಮಕ್ಕಳಿಗೆ ಮನಸ್ಸಿಗೆ ತಟ್ಟಲಿ ಅಂತ, ಅವರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ನಾಜಿಗಳು ಯಹೂದಿಗಳಿಗೆ ಹಾಕಿಸಿದಂಥ ಹಳದಿ ನಕ್ಷತ್ರ ಅಂಟಿಸಿ ಇಡೀ ದಿನ ಮೂಲೆಯಲ್ಲಿ ಕೂರಿಸುವ ಯೋಚನೆ ಇದೆ. ಸರಿಯಾ?
(ಅಧ್ಯಾಪಕರು, ಬದಿಯಡ್ಕ)

ಬೇಡ. ದಯವಿಟ್ಟು ಬೇಡ.

ನಿಮ್ಮ ಉದ್ದೇಶ ಒಳ್ಳೆಯದೇ, ಅದರಲ್ಲಿ ಸಂಶಯವಿಲ್ಲ. ಆದರೆ ಬೆಳಿಗ್ಗೆ ಅಂಟಿಸಿ ಸಂಜೆ ಕಿತ್ತು ಬಿಸಾಡುವ ನಕ್ಷತ್ರದಿಂದ ಮಕ್ಕಳಿಗೆ ಆ ಕಾಲದ ಬದುಕು ಅರ್ಥವಾಗುವುದಿಲ್ಲ. ಕೆಲವರಿಗೆ ಅದು ಆಟ ಆಗುತ್ತದೆ, ಇನ್ನು ಕೆಲವರಿಗೆ, ಮನೆಯಲ್ಲೋ ಊರಲ್ಲೋ ಜಾತಿಯ ಕಾರಣಕ್ಕೆ ಮೊದಲೇ ನೋವು ತಿಂದ ಮಗುವಿಗೆ, ಅದು ಆಟ ಆಗಿರುವುದಿಲ್ಲ. ಯಾವ ಮಗು ಏನು ಹೊತ್ತುಕೊಂಡು ಬಂದಿದೆ ಅಂತ ನಮಗೇನು ಗೊತ್ತು? ವಾಷಿಂಗ್ಟನ್ನಿನ ಹೊಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿ ನರಮೇಧ) ಮ್ಯೂಸಿಯಂ ಟೀಚರುಗಳಿಗೆ ಕೊಡುವ ಸೂಚನೆಯಲ್ಲೂ ಇಂಥ ನಟನೆಯ ಚಟುವಟಿಕೆ ಬೇಡ ಅಂತಲೇ ಇದೆ. "ನೀನು ನಾಜಿಗಳ ಸೆರೆ ಕ್ಯಾಂಪಿನಲ್ಲಿದ್ದೀ ಅಂತ ಭಾವಿಸಿ ಡೈರಿ ಬರೆ" ಅನ್ನುವುದೂ ಬೇಡ.

ಅದರ ಬದಲು ಹೀಗೆ ಮಾಡಿ. ಯಾದ್ ವಾಶೆಮ್‌ನವರು ಸತ್ತವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಾಳೆ ತುಂಬಿಸುತ್ತಾರೆ. ಹೆಸರು, ಹುಟ್ಟಿದ ಊರು, ತಂದೆ ತಾಯಿಯ ಹೆಸರು, ಉದ್ಯೋಗ. ಉಳಿದುಕೊಂಡ ಸಂಬಂಧಿಕರೋ ಸ್ನೇಹಿತರೋ ತುಂಬಿಸಿ ಸಹಿ ಹಾಕುತ್ತಾರೆ. ಆ ಹಾಳೆಯ ಕಾಲಂಗಳನ್ನು ಬೋರ್ಡಿನಲ್ಲಿ ಬರೆದು, ಪ್ರತಿ ಮಗುವೂ ತನ್ನ ಮುತ್ತಜ್ಜ ಅಥವಾ ಮುತ್ತಜ್ಜಿಯ ಬಗ್ಗೆ ಅಷ್ಟನ್ನು ಮನೆಯಲ್ಲಿ ಕೇಳಿ ಬರೆದು ತರಲಿ. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಅರ್ಧ ಕಾಲಂ ಖಾಲಿ ಇರುತ್ತದೆ. ಮನೆಯಲ್ಲಿ ಹೇಳುವವರು ಇದ್ದೂ ಹೀಗೆ. ಹೇಳುವವರು ಒಬ್ಬರೂ ಉಳಿಯದ ಮನೆಗಳಲ್ಲಿ ಹೇಗಿರಬಹುದು ಅಂತ ಆಮೇಲೆ ಕೇಳಿ ನೋಡಿ.

ಪ್ರಶ್ನೆ: ಐದನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ, ನಾಜಿಗಳಿಂದ ಅಡಗಿ ಕೂತು ಡೈರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕಳ ಕತೆ ಹೇಳಿದರು. ರಾತ್ರಿ ಅತ್ತಳು, ಎರಡು ದಿನ ಒಬ್ಬಳೇ ಮಲಗಲಿಲ್ಲ. ಇಷ್ಟು ಸಣ್ಣ ಮಕ್ಕಳಿಗೆ ಇದೆಲ್ಲ ಬೇಕಾ?
(ಒಬ್ಬರು ತಾಯಿ, ಹೊಸಂಗಡಿ)

ಅಮ್ಮಾ, ನಿಮ್ಮ ಸಿಟ್ಟು ನ್ಯಾಯವೇ. ಕೊಲೆ, ಕ್ಯಾಂಪು ಇವೆಲ್ಲ ಆರನೇ ಕ್ಲಾಸಿಗಿಂತ ಮೊದಲು ಬೇಡ ಅನ್ನುವುದೇ ಬಲ್ಲವರ ಅಭಿಪ್ರಾಯ. ಅದಕ್ಕಿಂತ ಸಣ್ಣವರಿಗೆ ಬದುಕಿ ಉಳಿದವರ ಕತೆ ಹೇಳಬಹುದು. ಹೇಳುವ ಟೀಚರು ಮಗುವಿನ ಕೈಹಿಡಿದು ಕತೆಯ ಒಳಗೆ ಕರೆದುಕೊಂಡು ಹೋದ ಹಾಗೇ ಕೈಹಿಡಿದು ಹೊರಗೂ ಕರೆದುಕೊಂಡು ಬರಬೇಕು. ಬೆಲ್ ಆಯಿತು ಅಂತ ಭಯದ ನಡುವೆ ಬಿಟ್ಟು ಹೋಗಬಾರದು. ಈಗ ಮಗಳಿಗೆ ಆನ್ ಹದಿಮೂರನೇ ಹುಟ್ಟುಹಬ್ಬಕ್ಕೆ ಡೈರಿ ಸಿಕ್ಕಿದಾಗ ಎಷ್ಟು ಖುಷಿಪಟ್ಟಳು, ಎಷ್ಟು ಮಾತಾಡುವ ಹುಡುಗಿ ಆಗಿದ್ದಳು ಅನ್ನುವುದನ್ನು ಹೇಳಿ. ನಿಮ್ಮ ಮಗಳೂ ಒಂದು ಡೈರಿ ಕೇಳಿದರೆ ತೆಗೆದುಕೊಡಿ.

ಪ್ರಶ್ನೆ: ನಮ್ಮದು ಮಹಾರಾಷ್ಟ್ರದ ಗಡಿಯ ಕನ್ನಡ ಶಾಲೆ. ಮಂಗಳೂರು, ಕೊಚ್ಚಿ ನಮಗೆ ದೂರ. ನಮ್ಮ ಕಡೆ ಯಾರಿದ್ದಾರೆ?
(ಅಧ್ಯಾಪಕರು, ಅಕ್ಕಲಕೋಟೆ)

ನಿಮಗೆ ಬೆನೆ ಇಸ್ರೇಲ್ ಯಹೂದಿಗಳು ಇದ್ದಾರೆ. ಕೊಂಕಣದ ಅಲಿಬಾಗ್, ಪೇಣ್ ಕಡೆಯ ಹಳ್ಳಿಗಳವರು, ಮನೆಮಾತು ಮರಾಠಿ. ಹಿಂದೆ ಗಾಣದಿಂದ ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೆ ಊರವರು ಶನಿವಾರ ತೇಲಿ ಅಂತ ಕರೆದರು. ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರು, ತಾವು ಅವರ ಸಂತತಿ ಅಂತ ಅವರ ನಂಬಿಕೆ. ಅಡ್ಡಹೆಸರು ಊರಿನದ್ದು: ಪೇಣಕರ್, ರೋಹೆಕರ್. ನಿಮ್ಮ ಹಾಜರಿ ಪುಸ್ತಕದಲ್ಲಿ "ಕರ್" ಅಂತ ಮುಗಿಯುವ ಹೆಸರು ಎಷ್ಟಿವೆ ಎಣಿಸಿ, ಪಾಠ ಅಲ್ಲಿಂದಲೇ ಶುರುವಾಗಲಿ. ಇಂಗ್ಲಿಷಿನಲ್ಲಿ ಬರೆದ ಕವಿ ನಿಸ್ಸಿಮ್ ಎಜೆಕಿಯಲ್ ಇದೇ ಸಮುದಾಯದವರು.

ಪ್ರಶ್ನೆ: ಡಿ.ಎಡ್. ವಿದ್ಯಾರ್ಥಿನಿ ನಾನು. ಬೆನ್ ಯಿಜು ಮತ್ತು ಆಶುವಿನ ಬಗ್ಗೆ ಪಾಠಯೋಜನೆ ಬರೆಯುತ್ತಿದ್ದೇನೆ. ಆಶು ಬಗ್ಗೆ ಮಾಹಿತಿ ತುಂಬಾ ಕಡಿಮೆ. ಮಕ್ಕಳಿಗೆ ರುಚಿಯಾಗಲಿ ಅಂತ ಅವಳ ಬಾಯಲ್ಲಿ ನಾಲ್ಕು ಮಾತು ಸೇರಿಸಬಹುದಾ?
(ವಿದ್ಯಾರ್ಥಿನಿ, ಮಂಜೇಶ್ವರ)

ಸೇರಿಸಬೇಡ ಮಗಳೇ. ಈ ಸಲ ಬಂದ ಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಪ್ರಶ್ನೆ ನಿನ್ನದು, ಯಾಕೆಂದರೆ ಕತೆ ಹೇಳಿ ಪಾಠ ಮಾಡುವವರೆಲ್ಲ ಎಡವುವುದು ಇಲ್ಲೇ. ಯಹೂದಿಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹಿಟ್ಲರನ ಕಾಲದ ಆ ಕೊಲೆಗಳು ನಡೆಯಲೇ ಇಲ್ಲ ಅನ್ನುವ ಜನ ಈಗಲೂ ಇದ್ದಾರೆ. ನಾವು ಕಟ್ಟಿದ ಒಂದು ಸುಳ್ಳು ಮಾತು ಸಿಕ್ಕಿದರೆ ಸಾಕು, ಉಳಿದದ್ದೂ ಹೀಗೇ ಅಂತ ಹೇಳಿಬಿಡುತ್ತಾರೆ. ಕಾಗದ ಎಲ್ಲಿ ನಿಲ್ಲುತ್ತದೋ ನೀನೂ ಅಲ್ಲೇ ನಿಲ್ಲು, ನಿಂತಿದ್ದೇನೆ ಅಂತ ಮಕ್ಕಳಿಗೆ ಹೇಳು. ಆ ಗಿಂಡಿಯ ಟೀಚರು ನಿಂತ ಹಾಗೆ.

ಆಶುವಿನ ಒಂದು ಮಾತೂ ಉಳಿದಿಲ್ಲ. ಅವಳಿಗೆ ಬೆರಾಖಾ ಅಂತ ಯಹೂದಿ ಹೆಸರು ಇಟ್ಟರು, ಆಶೀರ್ವಾದ ಅಂತ ಅರ್ಥ. 1149ರಲ್ಲಿ ಬೆನ್ ಯಿಜು ಮಗನನ್ನೂ ಮಗಳನ್ನೂ ಕರೆದುಕೊಂಡು ಏಡನ್ನಿಗೆ ಹೋದ. ಅಲ್ಲಿಂದ ಒಡಹುಟ್ಟಿದವರಿಗೆ ಬರೆದ ಪತ್ರದಲ್ಲಿ ಮಕ್ಕಳ ಮಾತು ಇದೆ, ಅವರ ತಾಯಿಯ ಮಾತು ಇಲ್ಲ. ಆಮೇಲೆ ಮಗ ತೀರಿಕೊಂಡ. ಮಗಳನ್ನು 1156ರಲ್ಲಿ ಈಜಿಪ್ಟಿನಲ್ಲಿ ತನ್ನ ಅಣ್ಣತಮ್ಮಂದಿರ ಪೈಕಿ ಒಬ್ಬರ ಮಗನಿಗೇ ಮದುವೆ ಮಾಡಿಕೊಟ್ಟ.

ನಾನು ಇದನ್ನು ಒಂಬತ್ತನೇ ಕ್ಲಾಸಿನಲ್ಲಿ ಮಾಡಿದಾಗ ಬೋರ್ಡಿನ ನಡುವೆ ಒಂದು ಗೆರೆ ಎಳೆದೆ. ಎಡಕ್ಕೆ "ಕಾಗದದಲ್ಲಿ ಇದೆ", ಬಲಕ್ಕೆ "ನಾವು ಕೇಳಬೇಕು". ಎಡದಲ್ಲಿ ಐದಾರು ಸಾಲು ಆಯಿತು, ಅಷ್ಟೇ. ಬಲದಲ್ಲಿ ಜಾಗ ಸಾಕಾಗಲಿಲ್ಲ. ಅವಳಿಗೆ ತುಳು ಬರುತ್ತಿತ್ತಾ? ದಾಸಿ ಆದದ್ದು ಹೇಗೆ? ಮಾರಿದ್ದು ಯಾರು? ಬಿಡುಗಡೆ ಆದ ದಿನ ಅವಳಿಗೆ ಮನೆಗೆ ಹೋಗಬೇಕು ಅನ್ನಿಸಿತಾ? ಮಕ್ಕಳು ಹಡಗು ಹತ್ತುವಾಗ ದಕ್ಕೆಗೆ ಬಂದಿದ್ದಳಾ? ಯಾವಾಗಲೂ ಸುಮ್ನೆ ಕೂರುವ ಒಬ್ಬಳು ಹುಡುಗಿ ಎದ್ದು ಬಂದು ಚಾಕ್‌ಪೀಸ್ ತೆಗೆದುಕೊಂಡು ಕೆಳಗೆ ಮೂಲೆಯಲ್ಲಿ ಸಣ್ಣದಾಗಿ ಬರೆದಳು: ಮಗಳಿಗೆ ಮದುವೆ ಆದದ್ದು ಅವಳಿಗೆ ಗೊತ್ತಾಯ್ತಾ?

ನಿನ್ನ ಪಾಠಯೋಜನೆಯಲ್ಲಿ ಬಲಗಡೆಗೆ ಜಾಸ್ತಿ ಜಾಗ ಬಿಡು. ಬರೆದಾದ ಮೇಲೆ ಒಂದು ಪ್ರತಿ ಪತ್ರಿಕೆಯ ವಿಳಾಸಕ್ಕೆ ಕಳಿಸು, ಓದಿ ಹೇಳುತ್ತೇನೆ.